ಪಾತ್ರಕ್ಕೆ ಬರೆದ ಪತ್ರ

ಇಲ್ಲದ ವ್ಯಕ್ತಿಗೆ ಬಂದ ಪತ್ರಕ್ಕೆ ಯಾರು ಉತ್ತರ ಬರೆಯಬೇಕು? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಓದುಗರೇ, 1968ರಲ್ಲಿ ಅಮೆರಿಕದಲ್ಲಿ ಅಂತಹದೊಂದು ಪತ್ರ ನಿಜವಾಗಿಯೂ ಬಂದಿತ್ತು. ಅದಕ್ಕೆ ಉತ್ತರವೂ ಸಿಕ್ಕಿತ್ತು. ಬರೆದವಳು ಹದಿಹರೆಯದ ಒಬ್ಬ ಹುಡುಗಿ. ತಾಯಿ ಕಪ್ಪು ವರ್ಣದವಳು, ತಂದೆ ಬಿಳಿಯ. ಕಪ್ಪು ಮಕ್ಕಳು ಇವಳು ನಮ್ಮವಳಲ್ಲ ಎನ್ನುತ್ತಿದ್ದರು, ಬಿಳಿಯ ಮಕ್ಕಳೂ ಅದನ್ನೇ ಹೇಳುತ್ತಿದ್ದರು. ಎರಡು ಬಾಗಿಲುಗಳ ಮುಂದೆಯೂ ನಿಂತು ಎರಡರಿಂದಲೂ ಹಿಂದಿರುಗಿದ ಆ ಮಗು ತನ್ನ ಸಂಕಟವನ್ನು ತೋಡಿಕೊಂಡದ್ದು ಟೆಲಿವಿಷನ್ ಧಾರಾವಾಹಿಯೊಂದರ ಪಾತ್ರದ ಬಳಿ. ತಾರೆಯರ ಅಭಿಮಾನಿಗಳಿಗಾಗಿ ಪ್ರಕಟವಾಗುತ್ತಿದ್ದ ‘ಫೇವ್’ ಎಂಬ ಪತ್ರಿಕೆಯ ಮೂಲಕ ಅವಳು ಆ ಪತ್ರವನ್ನು ಕಳುಹಿಸಿದಳು. ನಟನಿಗಲ್ಲ, ಪಾತ್ರಕ್ಕೆ.

ಆ ಪಾತ್ರದ ಹೆಸರು ಸ್ಪಾಕ್; ಧಾರಾವಾಹಿ ‘ಸ್ಟಾರ್ ಟ್ರೆಕ್’. ಜೀನ್ ರಾಡನ್‌ಬೆರಿ ಎಂಬವರು ರೂಪಿಸಿದ ಈ ವೈಜ್ಞಾನಿಕ ಕಥಾಸರಣಿ 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಯಿತು. ‘ಎಂಟರ್‌ಪ್ರೈಸ್’ ಎಂಬ ಆಕಾಶನೌಕೆ, ನಕ್ಷತ್ರಗಳ ನಡುವೆ ಅದರ ಸಂಚಾರ, ಪ್ರತಿ ವಾರ ಒಂದು ಹೊಸ ಲೋಕ. ನಮ್ಮ ದೂರದರ್ಶನದಲ್ಲಿಯೂ 1980ರ ದಶಕದಲ್ಲಿ ಇದು ಪ್ರಸಾರವಾಗಿದ್ದುದರಿಂದ ಹಿರಿಯ ಓದುಗರಲ್ಲಿ ಕೆಲವರಿಗೆ ಆ ಚೂಪು ಕಿವಿಯ ಅಧಿಕಾರಿಯ ನೆನಪಿರಬಹುದು. ಅವನೇ ಸ್ಪಾಕ್. ತಂದೆ ವಲ್ಕನ್ ಎಂಬ ಅನ್ಯಗ್ರಹದವನು, ತಾಯಿ ಭೂಮಿಯವಳು. ಎರಡೂ ಕಡೆ ಸೇರಿದವನು, ಎರಡೂ ಕಡೆ ಪರಕೀಯನು. ಆ ಹುಡುಗಿ ತನ್ನ ಪತ್ರವನ್ನು ತಪ್ಪು ವಿಳಾಸಕ್ಕೆ ಬರೆಯಲಿಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಉತ್ತರ ಬರೆದವರು ಸ್ಪಾಕ್ ಪಾತ್ರವನ್ನು ಧರಿಸಿದ್ದ ನಟ ಲಿಯೊನಾರ್ಡ್ ನಿಮಾಯ್. ‘ಮಗು, ಸ್ಪಾಕ್ ಎಂಬವನು ಇಲ್ಲ, ಅದು ಕೇವಲ ನಟನೆ’ ಎಂದು ಅವರು ಎರಡು ಸಾಲಿನಲ್ಲಿ ಮುಗಿಸಬಹುದಿತ್ತು. ಸ್ಟುಡಿಯೊ ಅಚ್ಚು ಹಾಕಿಸಿದ ಭಾವಚಿತ್ರವೊಂದಕ್ಕೆ ಸಹಿ ಮಾಡಿ ಕಳುಹಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬದಲಿಗೆ ಅವರು ದೀರ್ಘವಾದ ಉತ್ತರವನ್ನೇ ಬರೆದರು. ಸ್ಪಾಕ್ ಬಾಲಕನಾಗಿದ್ದಾಗ ಅವನೂ ಎರಡೂ ಗುಂಪುಗಳಿಂದ ದೂರವಿಡಲ್ಪಟ್ಟಿದ್ದನೆಂದೂ, ಎಲ್ಲರಿಗೂ ಬೇಕಾದವನಾಗುವ ಹಂಬಲವನ್ನು ಬಿಟ್ಟು ತನ್ನ ಸಾಮರ್ಥ್ಯವನ್ನು ಬೆಳೆಸಿಕೊಳ್ಳುವ ಕಡೆಗೆ ಅವನು ಮನಸ್ಸನ್ನು ತಿರುಗಿಸಿದನೆಂದೂ ತಿಳಿಸಿದರು. ಜನಪ್ರಿಯತೆ ಬೇರೆ, ನಿಜವಾದ ಹಿರಿಮೆ ಬೇರೆ ಎಂಬುದು ಆ ಉತ್ತರದ ತಿರುಳು.

ಇಲ್ಲಿ ನಮ್ಮ ನಡುವಿನ ನಿಷ್ಠುರವಾದಿಯೊಬ್ಬರು ಎದ್ದು ನಿಂತು ಕೇಳಬಹುದು: ನಡೆಯದೇ ಇದ್ದ ಬಾಲ್ಯವೊಂದನ್ನು ಕಥೆ ಕಟ್ಟಿ ಹೇಳಿ, ನೊಂದ ಮಗುವನ್ನು ಸಮಾಧಾನಪಡಿಸುವುದು ಸುಳ್ಳಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸುಳ್ಳು ಎಂದರೇನು? ಕೇಳುವವನಿಗೆ ತಿಳಿಯದಂತೆ ಅವನನ್ನು ತಪ್ಪು ದಾರಿಗೆ ನಡೆಸುವುದು ಸುಳ್ಳು. ಸ್ಪಾಕ್ ಕಲ್ಪನೆಯ ವ್ಯಕ್ತಿ ಎಂಬುದು ಆ ಹುಡುಗಿಗೂ ಗೊತ್ತಿತ್ತು, ನಟನಿಗೂ ಗೊತ್ತಿತ್ತು. ಇಬ್ಬರೂ ತಿಳಿದೇ ಒಂದು ಮುಸುಕಿನ ಎರಡು ಬದಿಗಳಲ್ಲಿ ನಿಂತು ಮಾತನಾಡಿದರು. ನೇರವಾಗಿ ಹೇಳಿಕೊಳ್ಳಲಾಗದ ದುಃಖಕ್ಕೆ ಕೆಲವೊಮ್ಮೆ ಅಂತಹ ಮುಸುಕು ಬೇಕಾಗುತ್ತದೆ.

ಅದಲ್ಲದೆ, ಪಾತ್ರವೆಂಬುದು ಪೂರ್ತಿಯಾಗಿ ಪೊಳ್ಳಾಗಿರುವುದಿಲ್ಲ. ನಟನ ಬದುಕಿನದೇ ಏನನ್ನೋ ಅದು ಒಳಗಿಟ್ಟುಕೊಂಡಿರುತ್ತದೆ. ನಿಮಾಯ್ ಹುಟ್ಟಿದ್ದು 1931ರಲ್ಲಿ, ಬಾಸ್ಟನ್ ನಗರದಲ್ಲಿ, ಉಕ್ರೇನ್ ಕಡೆಯಿಂದ ವಲಸೆ ಬಂದ ಯೆಹೂದಿ ದಂಪತಿಗಳ ಮಗನಾಗಿ. ಬಾಲಕನಾಗಿದ್ದಾಗ ಅವರು ತಮ್ಮ ಪ್ರಾರ್ಥನಾ ಮಂದಿರದಲ್ಲಿ ಯಾಜಕವಂಶದವರು ಕೈಗಳನ್ನು ಎತ್ತಿ, ಬೆರಳುಗಳನ್ನು ವಿಶಿಷ್ಟ ರೀತಿಯಲ್ಲಿ ಬೇರ್ಪಡಿಸಿ, ಸಭೆಯನ್ನು ಆಶೀರ್ವದಿಸುವುದನ್ನು ಕಂಡಿದ್ದರು. ಆರೋನನೂ ಅವನ ಮಕ್ಕಳೂ ಜನರನ್ನು ಆಶೀರ್ವದಿಸಬೇಕಾದ ನುಡಿಗಳನ್ನು ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿ ನೀವು ಓದಿದ್ದೀರಿ. ಆ ನುಡಿಗಳೊಡನೆ ಬರುವ ಮುದ್ರೆಯೇ ಇದು. ಆ ಕ್ಷಣದಲ್ಲಿ ಯಾರೂ ನೋಡಬಾರದೆಂಬ ನಿಯಮವಿದ್ದರೂ ಹುಡುಗ ಕಳ್ಳಗಣ್ಣಿನಿಂದ ನೋಡಿಬಿಟ್ಟಿದ್ದ! ಮುಂದೆ 1967ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾದ ಕಂತೊಂದರಲ್ಲಿ ವಲ್ಕನ್ ಜನರು ಪರಸ್ಪರ ವಂದಿಸುವ ವಿಧಾನವೊಂದು ಬೇಕಾದಾಗ ನಿಮಾಯ್ ಅದೇ ಮುದ್ರೆಯನ್ನು ಬಳಸಿದರು. ಜಗತ್ತಿನಾದ್ಯಂತ ಲಕ್ಷಾಂತರ ಜನರು ಇಂದಿಗೂ ಬೆರಳುಗಳನ್ನು ಹಾಗೆ ಹಿಡಿದು ಪರಸ್ಪರ ದೀರ್ಘಾಯುಷ್ಯವನ್ನು ಹಾರೈಸುತ್ತಾರೆ. ಅದರಲ್ಲಿ ಎಷ್ಟು ಜನರಿಗೆ ಅದು ಆರೋನನ ವಂಶದವರ ಕೈ ಎಂದು ಗೊತ್ತಿದೆಯೋ!

ಇನ್ನು ಅಭಿಮಾನಿಗಳ ಕಡೆಗೆ ಬರೋಣ. ಕನ್ನಡದಲ್ಲಿ ‘ಅಭಿಮಾನ’ ಎಂಬ ಪದ ಅರ್ಥಗರ್ಭಿತವಾದದ್ದು. ಒಂದು ಅರ್ಥದಲ್ಲಿ ಅದು ಪ್ರೀತಿ. ಇನ್ನೊಂದು ಅರ್ಥದಲ್ಲಿ ಅದು ‘ನನ್ನದು’ ಎಂಬ ಹೆಮ್ಮೆ. ಸ್ಟಾರ್ ಟ್ರೆಕ್‌ನ ಅಭಿಮಾನಿಗಳಲ್ಲಿ ಎರಡನ್ನೂ ಕಾಣಬಹುದು. 1967ರಲ್ಲಿಯೇ ಕೆಲವು ಮಹಿಳೆಯರು ಸೇರಿ ‘ಸ್ಪಾಕನೇಲಿಯಾ’ ಎಂಬ ಪತ್ರಿಕೆಯನ್ನು ಸೈಕ್ಲೋಸ್ಟೈಲ್ ಮಾಡಿ ಹೊರತಂದರು. ಸ್ಟೆನ್ಸಿಲ್ ಕೊಯ್ದು, ಕೈಗೆ ಮಸಿ ಬಳಿದುಕೊಂಡು ಪತ್ರಿಕೆ ನಡೆಸಿದವರು ನಮ್ಮಲ್ಲಿಯೂ ಇದ್ದರು. ಆ ಶ್ರಮದ ರುಚಿ ಅವರಿಗೆ ಗೊತ್ತು. ಧಾರಾವಾಹಿಯನ್ನು ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಬಿಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ದಂಪತಿಗಳು ಪತ್ರ ಚಳವಳಿಯನ್ನು ಸಂಘಟಿಸಿದರು. ವಾಹಿನಿಯ ಕಚೇರಿಗೆ ಪತ್ರಗಳ ಮೂಟೆಗಳು ಬಂದು ಬಿದ್ದವು. ಕೊನೆಗೆ 1968ರ ಮಾರ್ಚ್ 1ರಂದು ಕಂತು ಮುಗಿದ ಬಳಿಕ ವಾಹಿನಿಯೇ, ಧಾರಾವಾಹಿ ಮುಂದುವರಿಯುವುದೆಂದು ಘೋಷಿಸಬೇಕಾಯಿತು. ಆದರೂ ಅದಕ್ಕೆ ದೊರೆತ ಆಯುಷ್ಯ ಇನ್ನೊಂದೇ ವರ್ಷ. 79 ಕಂತುಗಳ ನಂತರ 1969ರ ಜೂನ್‌ನಲ್ಲಿ ನಿಂತುಹೋಯಿತು.

ನಿಂತಮೇಲೆ ಪ್ರೀತಿ ಕಡಿಮೆಯಾಗಲಿಲ್ಲ, ಹೆಚ್ಚಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳೇ ಸಮಾವೇಶವೊಂದನ್ನು ಏರ್ಪಡಿಸಿದರು. ಕೆಲವು ನೂರು ಜನರನ್ನು ನಿರೀಕ್ಷಿಸಿದ್ದವರ ಮುಂದೆ ಮೂರು ಸಾವಿರಕ್ಕೂ ಹೆಚ್ಚು ಜನ ನೆರೆದರು. 1976ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್‌ಗೆ ಬೇರೆ ಹೆಸರು ನಿಶ್ಚಯವಾಗಿದ್ದರೂ ಇವರ ಪತ್ರಗಳ ಒತ್ತಡದಿಂದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದನ್ನು ‘ಎಂಟರ್‌ಪ್ರೈಸ್’ ಎಂದು ಬದಲಾಯಿಸಿದರು. (ಪರೀಕ್ಷಾರ್ಥವಾಗಿ ಕಟ್ಟಿದ ಆ ನೌಕೆ ಎಂದೂ ಬಾಹ್ಯಾಕಾಶಕ್ಕೆ ಹೋಗಲಿಲ್ಲ ಎಂಬುದು ಬೇರೆ ಮಾತು.)

ಇದೇ ಪ್ರೀತಿ ಮುಷ್ಟಿಯಾಗಿ ಬಿಗಿಯುವುದೂ ಉಂಟು. 1975ರಲ್ಲಿ ನಿಮಾಯ್ ತಮ್ಮ ಆತ್ಮಕಥನಕ್ಕೆ ‘ನಾನು ಸ್ಪಾಕ್ ಅಲ್ಲ’ ಎಂಬರ್ಥದ ಶೀರ್ಷಿಕೆಯನ್ನು ಕೊಟ್ಟರು. ಹೊದಿಕೆಯ ಮೇಲಿನ ಅಷ್ಟು ಮಾತನ್ನೇ ಓದಿದ ಅಭಿಮಾನಿಗಳಲ್ಲಿ ಅನೇಕರು ಕೆರಳಿದರು. ತಮ್ಮನ್ನೇ ತಿರಸ್ಕರಿಸಿದರೆಂದು ಭಾವಿಸಿದರು. ಪುಸ್ತಕದ ಒಳಗಾದರೋ ಆ ಪಾತ್ರದ ಬಗ್ಗೆ ಅವರಿಗಿದ್ದ ಗೌರವವೇ ತುಂಬಿತ್ತು. ಇಪ್ಪತ್ತು ವರ್ಷಗಳ ನಂತರ, 1995ರಲ್ಲಿ, ಅವರು ‘ನಾನು ಸ್ಪಾಕ್’ ಎಂದು ಇನ್ನೊಂದು ಪುಸ್ತಕವನ್ನು ಬರೆದರು. ಯೋಚಿಸಿ ನೋಡಿ: ಮನುಷ್ಯನೊಬ್ಬನು ತಾನು ಯಾರಲ್ಲ ಎಂಬುದನ್ನು ಹೇಳಲು ಒಂದು ಪುಸ್ತಕವನ್ನೂ, ಹಾಗೆ ಹೇಳಿದ್ದಕ್ಕೆ ಸಮಾಧಾನವಾಗಿ ಮತ್ತೊಂದು ಪುಸ್ತಕವನ್ನೂ ಬರೆಯಬೇಕಾಯಿತು.

ಅವರಾದರೂ ಪ್ರಬುದ್ಧ ವಯಸ್ಸಿನವರು. 1987ರಲ್ಲಿ ‘ನೆಕ್ಸ್ಟ್ ಜನರೇಷನ್’ ಎಂಬ ಹೊಸ ಸರಣಿ ಆರಂಭವಾದಾಗ ಅದರಲ್ಲಿ ವೆಸ್ಲಿ ಕ್ರಷರ್ ಎಂಬ ಅತಿಬುದ್ಧಿವಂತ ಬಾಲಕನ ಪಾತ್ರವಿತ್ತು. ಅದನ್ನು ಅಭಿನಯಿಸಿದ ವಿಲ್ ವೀಟನ್‌ಗೆ ಆಗ ಹದಿನೈದು ವರ್ಷ. ಹಿರಿಯರಿಗೇ ಹೊಳೆಯದ ಉಪಾಯಗಳು ಆ ಬಾಲಕನಿಗೆ ಹೊಳೆಯುವಂತೆ ಲೇಖಕರು ಬರೆದರು. ವೀಕ್ಷಕರಿಗೆ ಅದು ರೇಗಿತು. ರೇಗಿದವರ ಕೋಪ ಬರೆದವರ ಮೇಲೆ ಬೀಳಲಿಲ್ಲ. ಬರೆದುಕೊಟ್ಟ ಮಾತುಗಳನ್ನು ಒಪ್ಪಿಸಿದ ಹುಡುಗನ ಮೇಲೆ ಬಿತ್ತು. ಆ ಗಾಯವನ್ನು ಅವರು ದೊಡ್ಡವರಾದ ಮೇಲೆ, 2004ರಲ್ಲಿ ಪ್ರಕಟವಾದ ‘ಜಸ್ಟ್ ಎ ಗೀಕ್’ ಎಂಬ ತಮ್ಮ ಪುಸ್ತಕದಲ್ಲಿ ತೆರೆದಿಟ್ಟಿದ್ದಾರೆ.

ಈಗ ಮೊದಲಿನ ಹುಡುಗಿಯ ಪತ್ರವನ್ನೂ ಈ ಹುಡುಗನ ಮೇಲೆ ಸುರಿದ ದ್ವೇಷವನ್ನೂ ಪಕ್ಕಪಕ್ಕದಲ್ಲಿ ಇಡೋಣ. ಎರಡೂ ಪಾತ್ರವನ್ನು ಉದ್ದೇಶಿಸಿ ಹೊರಟವು. ಎರಡನ್ನೂ ಬಿಚ್ಚಿ ಓದಿದ್ದು ಒಂದು ಜೀವಂತ ಹೃದಯ. ಹಾಗಾದರೆ ಒಂದು ನಮಗೆ ಪವಿತ್ರವೆಂಬಂತೆ ತೋರುವುದೇಕೆ, ಇನ್ನೊಂದು ಕ್ರೂರವೆನಿಸುವುದೇಕೆ? ಒಂದರಲ್ಲಿ ಪ್ರೀತಿ, ಇನ್ನೊಂದರಲ್ಲಿ ದ್ವೇಷ ಎಂಬ ಸುಲಭದ ಉತ್ತರ ನನಗೆ ಸಾಲದು. ‘ನಾನು ಸ್ಪಾಕ್ ಅಲ್ಲ’ ಎಂದ ನಟನ ಮೇಲೆ ಕೆರಳಿದವರೂ ಪ್ರೀತಿಸುವವರೇ ಆಗಿದ್ದರು. ಆ ಹುಡುಗಿ ತನ್ನನ್ನು ತೆರೆದಿಟ್ಟಳು, ಉತ್ತರ ತನ್ನ ಹಕ್ಕೆಂದು ಎಣಿಸಲಿಲ್ಲ. ಉಳಿದವರು ಲೆಕ್ಕ ಕೇಳಿದರು. ತಾವು ಕೊಟ್ಟ ಮೆಚ್ಚುಗೆ ಸಾಲವೆಂದೂ, ನಟನ ಬದುಕು ಅದರ ಅಡಮಾನವೆಂದೂ ತಿಳಿದರು. ನಟನಿಂದ ನಾವು ಕೇಳಬಹುದಾದದ್ದು ಅವನ ಕೆಲಸವನ್ನು ಮಾತ್ರ. ಅದರಾಚೆಗೆ ಅವನು ಕೊಡುವುದೆಲ್ಲ ದಾನ. 1986ರಲ್ಲಿ ನಾಯಕನಟ ವಿಲಿಯಂ ಶಾಟ್ನರ್ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಅಭಿಮಾನಿಗಳಿಗೆ ‘ಹೋಗಿ ಬೇರೆ ಬದುಕು ನೋಡಿಕೊಳ್ಳಿ’ ಎಂಬ ಧಾಟಿಯಲ್ಲಿ ಛೀಮಾರಿ ಹಾಕಿದ್ದು ಪ್ರಸಿದ್ಧವಾಗಿದೆ. ಜನ ನಕ್ಕರು. ಒಂಟಿಯಾದವರನ್ನು ನೋಡಿ ನಗುವುದು ಬಹಳ ಸುಲಭ. ಆ ಹಾಸ್ಯ ನನಗೆ ರುಚಿಸಿಲ್ಲ.

ಆದರೆ ಕೇಳುವುದೇ ತಪ್ಪೇ? ನಿಷೆಲ್ ನಿಕೋಲ್ಸ್ ಅವರ ಪ್ರಸಂಗ ಈ ಪ್ರಶ್ನೆಯನ್ನು ಕಠಿಣಗೊಳಿಸುತ್ತದೆ. ನೌಕೆಯ ಸಂಪರ್ಕಾಧಿಕಾರಿ ಉಹುರಾ ಪಾತ್ರವನ್ನು ನಿರ್ವಹಿಸಿದ ಕಪ್ಪು ವರ್ಣದ ಈ ನಟಿ ಮೊದಲ ವರ್ಷದ ಕೊನೆಯಲ್ಲಿ ರಂಗಭೂಮಿಗೆ ಮರಳಲು ನಿರ್ಧರಿಸಿ ರಾಜೀನಾಮೆಯನ್ನು ಕೊಟ್ಟಿದ್ದರು. ಅದೇ ವಾರಾಂತ್ಯದಲ್ಲಿ ಸಮಾರಂಭವೊಂದರಲ್ಲಿ ‘ನಿಮ್ಮ ಅಭಿಮಾನಿಯೊಬ್ಬರು ಭೇಟಿಯಾಗಬಯಸುತ್ತಾರೆ’ ಎಂದು ಯಾರೋ ಬಂದು ಹೇಳಿದರು. ತಿರುಗಿ ನೋಡಿದರೆ ನಿಂತಿದ್ದವರು ಮಾರ್ಟಿನ್ ಲೂಥರ್ ಕಿಂಗ್! ತಾನು ಬಿಡುತ್ತಿದ್ದೇನೆಂದು ಆಕೆ ತಿಳಿಸಿದಾಗ ಅವರು ಬೇಡವೆಂದರು. ಸೇವಕಿಯಾಗಿ ಅಲ್ಲದೆ ಸಮಾನ ಅಧಿಕಾರಿಯಾಗಿ ಕಪ್ಪು ಮಹಿಳೆಯೊಬ್ಬಳು ತೆರೆಯ ಮೇಲೆ ಕುಳಿತಿರುವುದನ್ನು ದೇಶವೇ ನೋಡುತ್ತಿದೆ ಎಂದರು. ಈ ಘಟನೆಯನ್ನು ನಿಕೋಲ್ಸ್ ತಾವೇ ಹಲವು ಬಾರಿ ವಿವರಿಸಿದ್ದಾರೆ. ಅವರು ಉಳಿದರು. ಮುಂದೆ 1977ರಲ್ಲಿ ಮಹಿಳೆಯರನ್ನೂ ಕಪ್ಪು ಜನರನ್ನೂ ಗಗನಯಾತ್ರಿಗಳಾಗಲು ಆಹ್ವಾನಿಸುವ ಕೆಲಸವನ್ನು ನಾಸಾ ಅವರಿಗೆ ವಹಿಸಿತು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್ ಬಾಲ್ಯದಲ್ಲಿ ಉಹುರಾಳನ್ನು ನೋಡಿ ಸ್ಫೂರ್ತಿ ಪಡೆದವರು.

ಫಲ ಒಳ್ಳೆಯದಾಯಿತೆಂದು ಬೇಡಿಕೆಯೂ ನ್ಯಾಯವಾಗುವುದಿಲ್ಲ. ಆಕೆ ರಂಗಭೂಮಿಯಲ್ಲಿ ಬದುಕಬಹುದಾಗಿದ್ದ ಇನ್ನೊಂದು ಬಾಳಿನ ಲೆಕ್ಕವನ್ನು ಯಾರು ಕೊಡಬೇಕು? ಆದರೂ ಕಿಂಗ್ ಅವರ ಮಾತಿನಲ್ಲಿ ನನಗೆ ಮುಷ್ಟಿ ಕಾಣುವುದಿಲ್ಲ. ತನ್ನ ಸಂಜೆಯ ಸಂತೋಷಕ್ಕಾಗಿ ಅವರು ಕೇಳಲಿಲ್ಲ, ಕಾರಣವನ್ನು ಮುಂದಿಟ್ಟರು, ನಿರ್ಧಾರವನ್ನು ಆಕೆಗೇ ಬಿಟ್ಟರು. ನಿಮಗೆ ಬೇರೆ ರೀತಿ ತೋರಬಹುದು, ವಿಚಾರ ಮಾಡಿ.

ಕೊನೆಯದಾಗಿ ಜೇಮ್ಸ್ ಡೂಹನ್. ನೌಕೆಯ ಇಂಜಿನಿಯರ್ ಸ್ಕಾಟಿಯ ಪಾತ್ರ ಇವರದು. ಕೆನಡಾದ ಸೈನಿಕನಾಗಿ 1944ರಲ್ಲಿ ನಾರ್ಮಂಡಿಯ ತೀರದಲ್ಲಿ ಇಳಿದು, ಗುಂಡೇಟು ತಿಂದು ಒಂದು ಬೆರಳನ್ನು ಕಳೆದುಕೊಂಡವರು. 1997ರ ‘ಟ್ರೆಕ್ಕೀಸ್’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರು ಒಂದು ಪತ್ರದ ವಿಷಯವನ್ನು ಹೇಳುತ್ತಾರೆ. ಅಭಿಮಾನಿ ಯುವತಿಯೊಬ್ಬಳು ಬರೆದ ಆ ಪತ್ರ ಆತ್ಮಹತ್ಯೆಯ ಸೂಚನೆಯಾಗಿತ್ತು. ಡೂಹನ್ ಆಕೆಗೆ ದೂರವಾಣಿ ಕರೆ ಮಾಡಿದರು. ಇಂತಹ ಊರಿನ ಸಮಾವೇಶಕ್ಕೆ ಬರುತ್ತಿದ್ದೇನೆ, ನೀನು ಅಲ್ಲಿ ನನಗೆ ಕಾಣಬೇಕು ಎಂದರು. ಬಂದವಳ ಮುಖವನ್ನು ನೋಡಿ ಅವರಿಗೆ ಪರಿಸ್ಥಿತಿಯ ಗಂಭೀರತೆ ಅರಿವಾಯಿತು. ಎರಡು ವಾರಗಳ ನಂತರ ಮತ್ತೊಂದು ಊರಿನಲ್ಲಿರುತ್ತೇನೆ, ಅಲ್ಲಿಗೂ ಬಾ ಎಂದರು. ಹೀಗೆ ಎರಡು ಮೂರು ವರ್ಷಗಳ ಕಾಲ, ಊರಿಂದ ಊರಿಗೆ. ತಾನು ಮಾಡಿದ್ದು ಒಳ್ಳೆಯ ಮಾತುಗಳನ್ನಾಡಿದ್ದು ಮಾತ್ರ ಎನ್ನುತ್ತಾರೆ ಅವರು.

ಆಮೇಲೆ ಆಕೆ ಬರುವುದು ನಿಂತುಹೋಯಿತು. ವಿಳಾಸವನ್ನು ಅವರು ಇಟ್ಟುಕೊಂಡಿರಲಿಲ್ಲ; ವಿಚಾರಿಸುವ ದಾರಿಯಿರಲಿಲ್ಲ. ಬದುಕಿದ್ದಾಳೋ ಇಲ್ಲವೋ ಎಂಬುದು ತಿಳಿಯದೆಯೇ ಎಂಟು ವರ್ಷಗಳು ಕಳೆದವು. ಒಂದು ದಿನ ಆಕೆಯ ಕಾಗದ ಬಂದಿತು. ಕೃತಜ್ಞತೆಯನ್ನು ತಿಳಿಸಿ ಆಕೆ ಬರೆದಿದ್ದಳು: ಎಲೆಕ್ಟ್ರಾನಿಕ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಈಗಷ್ಟೇ ಕೈಸೇರಿದೆ. ಕ್ಯಾಮೆರಾದ ಮುಂದೆ ಇದನ್ನು ಹೇಳುವಾಗ ಆ ಮುದುಕ ಸೈನಿಕನ ಕಣ್ಣುಗಳು ತೇವವಾಗುತ್ತವೆ.