ಸಂದು ಕೆರೆಯದೆ ಬಳಿದರೆ ನಿಂತೀತೇ?



ಹಿಂದೆ ನಮ್ಮ ಕಡೆ ಬಚ್ಚಲುಮನೆಯೆಂದರೆ ಒಂದು ಒಲೆ, ಒಂದು ಹಂಡೆ, ಒಂದು ಕಲ್ಲುಚಪ್ಪಡಿ. ಇಂದು ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಕೊಪ್ಪದಲ್ಲೂ ಟೈಲ್ಸ್ ಹಾಕಿದ ಬಚ್ಚಲುಗಳು ಬಂದಿವೆ. ಕಾವೇರಿ ಸೇತುವೆ ದಾಟಿ ಕೊಡಗಿಗೆ ಹೋದರೆ, ರೆಸಾರ್ಟುಗಳಲ್ಲಿ ಮಲಗಿ ಸ್ನಾನ ಮಾಡುವ ಬಾತ್‌ಟಬ್ಬೂ ಉಂಟು. ಆದರೆ ಚಪ್ಪಡಿಯಿರಲಿ, ಟಬ್ಬಿರಲಿ, ನೀರು ಹುಡುಕುವುದು ಒಂದನ್ನೇ: ಎರಡು ಕೂಡುವ ಸಂದನ್ನು.

ಆ ಸಂದಿಗೆ ತುಂಬಿದ ಸಿಲಿಕಾನ್ ಕಾಲಕ್ರಮದಲ್ಲಿ ಬಿರಿಯುತ್ತದೆ, ಅಂಚು ಬಿಡುತ್ತದೆ, ಕಪ್ಪು ಬೂಷ್ಟು ಹಿಡಿಯುತ್ತದೆ. ನೀರು ಸದ್ದಿಲ್ಲದೆ ಒಳಗಿಳಿಯುತ್ತದೆ. ಸೋರುವುದು ಬಚ್ಚಲಲ್ಲಿ, ಗೋಡೆಯ ಬಣ್ಣ ಉಬ್ಬಿ ಉದುರುವುದು ಪಕ್ಕದ ಕೋಣೆಯಲ್ಲಿ! ಹಬ್ಬಕ್ಕೆ ನೆಂಟರು ಬರುತ್ತಾರೆಂದು ನಾವು ಅವಸರದಲ್ಲಿ ಹಳೆಯದರ ಮೇಲೆಯೇ ಹೊಸದನ್ನು ಬಳಿಯುತ್ತೇವೆ. ನೋಡಲು ಬೆಳ್ಳಗಾಗುತ್ತದೆ. ಆದರೆ ಬೇಗನೆ ಸುಲಿದುಕೊಂಡು ಬರುತ್ತದೆ. ಏಕೆಂದರೆ ಹೊಸ ಸಿಲಿಕಾನ್ ಹಳೆಯದಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ; ಸೋಪಿನ ಜಿಡ್ಡಿಗೂ ತೇವಕ್ಕೂ ಅಂಟುವುದಿಲ್ಲ.

ಕೆಲಸ ಬಲ್ಲವರು ಹಾಗೆ ಮಾಡುವುದಿಲ್ಲ. ಹಳೆಯದನ್ನು ಬ್ಲೇಡಿನಿಂದ ಕೊಯ್ದು ಪೂರ್ತಿ ಕೆರೆದು ತೆಗೆಯುತ್ತಾರೆ. ಜಿಡ್ಡನ್ನೂ ಬೂಷ್ಟನ್ನೂ ತೊಳೆಯುತ್ತಾರೆ. ಚೆನ್ನಾಗಿ ಒಣಗಲು ಬಿಡುತ್ತಾರೆ. ಬಾತ್‌ಟಬ್ಬಾದರೆ ಮೊದಲು ಅದಕ್ಕೆ ನೀರು ತುಂಬುತ್ತಾರೆ. ಭಾರ ಬಿದ್ದಾಗ ಸಂದು ಎಷ್ಟು ಅಗಲವಾಗುವುದೋ ಅಷ್ಟನ್ನೂ ಮುಚ್ಚಬೇಕಲ್ಲವೇ? ಬಳಿದ ಮೇಲೆ ಸುಮಾರು 24 ಗಂಟೆ ಅದಕ್ಕೆ ನೀರು ಸೋಕಿಸುವುದಿಲ್ಲ.

ಪವಿತ್ರ ಗ್ರಂಥವೂ ಇದೇ ಕ್ರಮವನ್ನು ಬಲ್ಲದು. ಯಾಜಕಕಾಂಡ 14:33-53ನ್ನು ಓದಿರಿ. ಮನೆಯ ಗೋಡೆಗೆ ಬೂಷ್ಟಿನಂಥ ಪಿಡುಗು ತಗುಲಿದರೆ ಒಡೆಯನು ತಾನೇ ಹೋಗಿ ಯಾಜಕನಿಗೆ ತಿಳಿಸಬೇಕು. ಯಾಜಕನು ಬಂದು ಪರೀಕ್ಷಿಸಿ, ಮನೆಯನ್ನು ಏಳು ದಿನ ಮುಚ್ಚಿಸಬೇಕು. ಪಿಡುಗು ಹರಡಿದ್ದರೆ ಕೆಟ್ಟ ಕಲ್ಲುಗಳನ್ನು ಕೀಳಿಸಿ, ಗೋಡೆ ಕೆರೆಯಿಸಿ, ಆ ಮಣ್ಣನ್ನು ಊರ ಹೊರಗೆ ಹಾಕಿಸಬೇಕು. ಹೊಸ ಕಲ್ಲು, ಹೊಸ ಗಾರೆ ಆಮೇಲಷ್ಟೇ!

ಪ್ರಿಯರೇ, ನಮ್ಮ ಕುಟುಂಬಗಳ ಸಂದುಗಳನ್ನು ನಾವು ಹೀಗೆ ದುರಸ್ತಿ ಮಾಡುತ್ತಿದ್ದೇವೆಯೇ? ಆಸ್ತಿ ಪಾಲಾದಂದಿನಿಂದ ಅಣ್ಣತಮ್ಮಂದಿರ ನಡುವೆ ಒಂದು ಮಾತು ಮುಳ್ಳಾಗಿ ಉಳಿದಿದೆ. ಕ್ರಿಸ್ಮಸ್ಸಿಗೆ ಕೇಕು ಹೋಗುತ್ತದೆ, ಕೇಕು ಬರುತ್ತದೆ. ಆ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದರ ತೇವ ಮಕ್ಕಳ ಮನಸ್ಸಿನ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಕುಡಿದು ಬಂದ ಗಂಡ ಹೊಡೆಯುತ್ತಾನೆಂದು ಅತ್ತು ಬಂದವಳಿಗೆ, "ಹೇಗಾದರೂ ಹೊಂದಿಕೊಂಡು ಹೋಗಮ್ಮ" ಎನ್ನುತ್ತೇವೆ. ಇದು ಕ್ಷಮೆಯಲ್ಲ, ಬೂಷ್ಟಿನ ಮೇಲೆ ಬಳಿದ ಸುಣ್ಣ. ಅಂಥ ಸುಣ್ಣದ ಗೋಡೆ ಮಳೆಗೆ ಕುಸಿಯುವುದೆಂದು ಪ್ರವಾದಿ ಯೆಜೆಕಿಯೇಲನು ಎಚ್ಚರಿಸಿದ್ದಾನೆ (13:10-15). ಆಕೆಗೆ ಮೊದಲು ಬೇಕಾದುದು ರಕ್ಷಣೆ. ಆತನಿಗೆ ಬೇಕಾದುದು ಕುಡಿತ ಬಿಡುವ ನಿಜವಾದ ಪ್ರಯತ್ನ. ಸಮಾಧಾನದ ಮಾತು ಆಮೇಲೆ.

ಪಾಪನಿವೇದನೆಯ ಸಂಸ್ಕಾರದಲ್ಲಿ ಪಶ್ಚಾತ್ತಾಪಿಯು ಮಾಡಬೇಕಾದ ಮೂರು ಕಾರ್ಯಗಳನ್ನು 1551ರಲ್ಲಿ ಟ್ರೆಂಟ್ ಮಹಾಸಭೆ ಹೇಳಿತು: ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತ. ದೇವರ ಕೃಪೆಗೆ ಶಕ್ತಿ ಸಾಲದೆಂದು ಇವನ್ನು ಕೇಳುವುದಲ್ಲ. ಆ ಕೃಪೆ ನಮ್ಮ ಸೋಗಿಗೆ ಅಂಟದೆ ನಮಗೇ ಅಂಟಲೆಂದು ಕೇಳುವುದು. "ನನ್ನಿಂದ ತಪ್ಪಾಯಿತು" ಎಂದು ಹೆಸರಿಟ್ಟು ಹೇಳುವುದೇ ಕೆರೆಯುವುದು. ಕಸಿದುಕೊಂಡದ್ದನ್ನು ಹಿಂದಿರುಗಿಸುವುದೇ ತೊಳೆಯುವುದು. ಇನ್ನು, ನೊಂದವರಿಗೆ ಒಣಗಲು ಕಾಲ ಕೊಡಿರಿ. ಇಂದು ಕ್ಷಮೆ ಕೇಳಿ ಇಂದೇ ಹಳೆಯ ನಗುವನ್ನು ಬೇಡಬೇಡಿರಿ.

ಮತ್ತೊಂದು ಮಾತು. ಇಂಥ ಸಂದಿಗೆ ಬಿಳಿ ಸಿಮೆಂಟು ತುಂಬಿದರೆ ಬಹಳ ಕಾಲ ಬಾಳುವುದಿಲ್ಲ. ಅದು ಗಟ್ಟಿ; ಎರಡೂ ಕಡೆ ಕೂದಲೆಳೆಯಷ್ಟು ಅಲುಗಿದರೂ ಸೀಳುತ್ತದೆ. ಸಿಲಿಕಾನ್ ಬಾಗುತ್ತದೆ, ಆದರೆ ಬಿಡುವುದಿಲ್ಲ. ಗಂಡಹೆಂಡಿರ ನಡುವೆಯೂ, ಅತ್ತೆಸೊಸೆಯರ ನಡುವೆಯೂ ಹಟ ಸಿಮೆಂಟಿನಂತೆ, ಕರುಣೆ ಸಿಲಿಕಾನಿನಂತೆ.

ಈ ವಾರ ನಿಮ್ಮ ಮನೆಯ ಒಂದು ಸಂದನ್ನು ಗುರುತಿಸಿರಿ. ಅದರ ಮೇಲೆ ಬಳಿಯಬೇಡಿರಿ, ಕೆರೆಯಿರಿ. ಕೆರೆಯುವಾಗ ನೋವಾಗುತ್ತದೆ, ನಿಜ. ಆದರೆ ಆ ನೋವಿನಲ್ಲಿ ನಮ್ಮ ಕೈಹಿಡಿಯುವ ಪ್ರಭು ಯೇಸು, ನಜರೇತಿನಲ್ಲಿ ಬಡಗಿಯ ಕೆಲಸ ಬಲ್ಲವರು. ಹಳೆಯ ಮನೆಯನ್ನು ದುರಸ್ತಿ ಮಾಡುವುದು ಅವರಿಗೆ ಹೊಸತಲ್ಲ.