ಹೃದಯಪರೀಕ್ಷೆಯೂ ಆದಾನ-ನಿಕ್ಷೇಪಣ ಸಮಿತಿಯೂ

ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಎಚ್ಚರವಿರಬೇಕೆಂಬುದು ಪಂಚಸಮಿತಿಗಳಲ್ಲಿ ಒಂದಾದ ಆದಾನ-ನಿಕ್ಷೇಪಣ ಸಮಿತಿ. ಮುನಿಗಳು ಕಮಂಡಲುವನ್ನು ಇಡುವ ಮೊದಲು ನೆಲವನ್ನು ನೋಡಿ ಪಿಂಛಿಯಿಂದ ಮಾರ್ಜಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಮಹಾವ್ರತಿಗಳ ಆಚಾರ, ಶ್ರಾವಕರಿಗೇಕೆ ಅದರ ಗೊಡವೆ ಎನ್ನುವವರುಂಟು. ಆದರೆ ಔಷಧದಾನವೆಂದು ನಾವು ನಡೆಸುವ ಉಚಿತ ತಪಾಸಣಾ ಶಿಬಿರಗಳಲ್ಲಿ ಇ.ಸಿ.ಜಿ. ಯಂತ್ರದ ತಂತಿಗಳನ್ನು ಮನುಷ್ಯನ ಮೈಮೇಲೆ ಇಡುವ ಕೆಲಸಕ್ಕೆ ಇದಕ್ಕಿಂತ ಹೊಂದುವ ನಿಯಮವನ್ನು ನಾನು ಕಾಣೆ.

ತಂತಿಗಳು ಹತ್ತು: ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು. ಎದೆಯ ಮೊದಲೆರಡು, ಎದೆಮೂಳೆಯ ಬಲ ಮತ್ತು ಎಡ ಅಂಚುಗಳಲ್ಲಿ ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿ ಕೂರಬೇಕು. ಈ ಸಂದು ಕಣ್ಣಳತೆಗೆ ಸಿಗುವುದಲ್ಲ. ಕುತ್ತಿಗೆಯ ಗುಳಿಯಿಂದ ಬೆರಳನ್ನು ಕೆಳಗಿಳಿಸಿದರೆ ಎದೆಮೂಳೆಯ ಮೇಲೊಂದು ಉಬ್ಬು ತಗಲುತ್ತದೆ; ಅದರ ಪಕ್ಕದ್ದು ಎರಡನೆಯ ಪಕ್ಕೆಲುಬು. ಅಲ್ಲಿಂದ ಸಂದುಗಳನ್ನು ಎಣಿಸುತ್ತ ಇಳಿಯಬೇಕು. ಎಣಿಸದೆ ಮೇಲೆಯೇ ಅಂಟಿಸಿದರೆ, ಆರೋಗ್ಯವಂತನ ನಕ್ಷೆಯಲ್ಲಿಯೂ ಹಳೆಯ ಹೃದಯಾಘಾತದಂಥ ಗುರುತು ಮೂಡಬಹುದು. ಎಡಬಲ ಕೈಗಳ ತಂತಿಗಳು ಅದಲುಬದಲಾದರೆ ಮೊದಲನೆಯ ಲೀಡಿನ ಅಲೆಗಳು ತಲೆಕೆಳಗಾಗುತ್ತವೆ. ಲೇಪವನ್ನು ಧಾರಾಳವಾಗಿ ಬಳಿದು ಒಂದಕ್ಕೊಂದು ಕೂಡಿಕೊಂಡರೆ ಎರಡು ಸ್ಥಳಗಳ ಸಂಕೇತಗಳು ಬೆರೆತುಹೋಗುತ್ತವೆ.

ಯಂತ್ರವು ಕೊಟ್ಟದ್ದನ್ನು ಬರೆಯುತ್ತದೆ, ಅಷ್ಟೆ. ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಕ್ರಮವೆಂದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ನಕ್ಷೆಯನ್ನು ದೂರದ ತಜ್ಞರು ನೋಡಿ ಸಲಹೆ ನೀಡುವುದು. ಒಳ್ಳೆಯ ಏರ್ಪಾಡು. ಆದರೆ ಆ ತಜ್ಞರಿಗೆ ಕಾಣುವುದು ನಕ್ಷೆ ಮಾತ್ರ, ತಂತಿ ಇಟ್ಟ ಕೈ ಕಾಣದು. ಸಿರುಗುಪ್ಪದ ಭತ್ತದ ಗದ್ದೆಯಿಂದ ಬಂದ ಕೂಲಿಕಾರನಿಗೆ ತಪ್ಪು ನಕ್ಷೆಯ ಮೇಲೆ ರೋಗವಿದೆಯೆಂದರೆ, ಅವನು ಸಾಲ ಮಾಡಿ ಐವತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಬಳ್ಳಾರಿಗೆ ಅಲೆಯುತ್ತಾನೆ. ಇಲ್ಲವೆಂದರೆ ಎದೆನೋವನ್ನು ವಾಯುವೆಂದು ತಿಳಿದು ಮನೆಯಲ್ಲಿ ಮಲಗುತ್ತಾನೆ. ಎರಡನೆಯದು ಹೆಚ್ಚು ಭಯಂಕರ.

ಇದು ಹಿಂಸೆಯೇ? ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲವಲ್ಲ! ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಸಂಕಲ್ಪವನ್ನಲ್ಲ, ಪ್ರಮಾದವನ್ನು ಮುಂದಿಟ್ಟಿದ್ದಾರೆ. ಎಣಿಸಿ, ನೋಡಿ, ತಂತಿಯಿಟ್ಟ ಮೇಲೂ ರೋಗ ನಕ್ಷೆಯಲ್ಲಿ ಕಾಣದೆ ಹೋಗಬಹುದು, ಸರಿಯಾದ ಇ.ಸಿ.ಜಿ.ಗೂ ಆ ಮಿತಿಯಿದೆ. ಅಲ್ಲಿ ಪರೀಕ್ಷಕನಿಗೆ ದೋಷವಿಲ್ಲ. ಎಣಿಸದೆ ಇಟ್ಟವನಿಗೆ, ಅದೃಷ್ಟವಶಾತ್ ನಕ್ಷೆ ಸರಿಬಂದರೂ, ದೋಷ ತಪ್ಪದು. ವ್ಯಾಪಾರಿಗಳಾದ ನಮಗೆ ಇದು ಹೊಸದಲ್ಲ. ತೂಕ-ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯವ್ರತದ ಅತಿಚಾರವೆಂದು ಅದೇ ಗ್ರಂಥ ಎಣಿಸಿದೆ. ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು ನೋಡದೆ ಅಕ್ಕಿ ತೂಗುವ ಅಂಗಡಿಕಾರನನ್ನು ನಾವು ಸಜ್ಜನನೆನ್ನುವೆವೇ?

ಹಾಗಾದರೆ ಹೊಣೆ ತಂತ್ರಜ್ಞನೊಬ್ಬನದೇ? ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಕರ್ಮಕ್ಕೆ ಮೂರು ಬಾಗಿಲು. ಒಂದೇ ಬೆಳಗಿನಲ್ಲಿ ಇನ್ನೂರು ಜನರ ಪರೀಕ್ಷೆಯಾಗಲಿ, ಪತ್ರಿಕೆಯಲ್ಲಿ ಆ ಸಂಖ್ಯೆ ಅಚ್ಚಾಗಲಿ ಎಂದು ಆತುರಪಡಿಸುವ ಟ್ರಸ್ಟು ಎರಡನೆಯ ಬಾಗಿಲಲ್ಲಿ ನಿಂತಿದೆ. ಚಪ್ಪಾಳೆ ತಟ್ಟುವ ನಾವು ಮೂರನೆಯದರಲ್ಲಿ.

ಸ್ತ್ರೀಯರ ವಿಷಯದಲ್ಲಿ ಈ ಪ್ರಮಾದ ಮರ್ಯಾದೆಯ ವೇಷದಲ್ಲಿ ಬರುತ್ತದೆ. ಬಯಲು ಮಂಟಪದಲ್ಲಿ, ಗಂಡಸರ ನಡುವೆ, ಸಂಕೋಚದಿಂದ ರವಿಕೆಯನ್ನು ಸರಿಸದೆ ಸಿಕ್ಕಲ್ಲಿ ತಂತಿಯಿಡುವುದುಂಟು. ತಾಯಂದಿರ ಲಜ್ಜೆ ತಪ್ಪಲ್ಲ. ಒಂದು ಪರದೆಯನ್ನೂ ಒಬ್ಬ ಮಹಿಳಾ ತಂತ್ರಜ್ಞೆಯನ್ನೂ ಒದಗಿಸದ ನಮ್ಮದು ತಪ್ಪು.

ಮುಂದಿನ ಮಹಾವೀರ ಜಯಂತಿಗೆ ಬಳ್ಳಾರಿಯಲ್ಲಾಗಲಿ ಕುರುಗೋಡಿನಲ್ಲಾಗಲಿ ಶಿಬಿರವನ್ನು ಯೋಜಿಸುವ ಟ್ರಸ್ಟಿಗಳು ಇನ್ನೂರರ ಬದಲು ಅರವತ್ತು ಜನರಿಗೆ ಮಾತ್ರ ಚೀಟಿ ಕೊಡಲಿ. ತರಬೇತಾದವರನ್ನೇ ಕರೆಯಲಿ. ಅನುಮಾನ ಬಂದ ನಕ್ಷೆಯನ್ನು ತಂತಿಗಳನ್ನು ತೆಗೆದು, ಮತ್ತೆ ಎಣಿಸಿಟ್ಟು, ಎರಡನೆಯ ಬಾರಿ ತೆಗೆಯಲು ಬೇಕಾದ ಕಾಗದದ ಖರ್ಚನ್ನೂ ದಾನದ ಲೆಕ್ಕಕ್ಕೇ ಬರೆಯಲಿ.