ಹಿಂದೆ ಬರುವವರ ನಡಿಗೆ



ತೊಬಿತನ ಗ್ರಂಥವನ್ನು ನೀವು ಓದಿರಬಹುದು. ಕಣ್ಣು ಕಾಣದ ತಂದೆ, ಬಡತನಕ್ಕಿಳಿದ ಮನೆ. ದೂರದ ಮೇದ್ಯ ನಾಡಿನ ರಾಗೆಸ್ ಪಟ್ಟಣದಲ್ಲಿ ಯಾವಾಗಲೋ ಇಟ್ಟಿದ್ದ ಹತ್ತು ತಲೆಂತು ಬೆಳ್ಳಿಯನ್ನು ತರಲು ಒಬ್ಬನೇ ಮಗ ತೊಬಿಯಾಸ್ ಹೊರಡುತ್ತಾನೆ. ದಾರಿ ಬಲ್ಲವನೊಬ್ಬ ದಿನಕ್ಕೊಂದು ದ್ರಾಕ್ಮ ಕೂಲಿಗೆ ಒಪ್ಪಿ ಜೊತೆಯಾಗುತ್ತಾನೆ. ಅವನೇ ಮಹಾದೂತ ರಫಾಯೇಲನೆಂದು ಮನೆಯಲ್ಲಿ ಯಾರಿಗೂ ತಿಳಿಯದು. ತಾಯಿ ಅನ್ನಾ ಕಣ್ಣೀರಿಡುತ್ತಾಳೆ. ಅವರಿಬ್ಬರೂ ಹೊಸ್ತಿಲು ದಾಟುವಾಗ ಆ ಮನೆಯ ನಾಯಿಯೂ ಎದ್ದು ಅವರ ಹಿಂದೆ ಹೊರಡುತ್ತದೆ.

ಪವಿತ್ರ ಗ್ರಂಥದಲ್ಲಿ ನಾಯಿಯನ್ನು ಕುರಿತು ಒಳ್ಳೆಯ ಮಾತು ಅಪರೂಪ. ಇಲ್ಲಿ ಮಾತ್ರ ಅದು ಪ್ರಯಾಣದ ಒಡನಾಡಿ. ಆರನೆಯ ಅಧ್ಯಾಯದಲ್ಲಿ ಹೊರಡುವಾಗ ಕಾಣಿಸಿಕೊಳ್ಳುತ್ತದೆ, ಹನ್ನೊಂದನೆಯ ಅಧ್ಯಾಯದಲ್ಲಿ ಹಿಂದಿರುಗುವಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಹೆಸರಿಲ್ಲ. ಬೆಳ್ಳಿಯ ವಿಷಯ ಅದಕ್ಕೆ ಗೊತ್ತಿಲ್ಲ, ರಾಗೆಸ್ ಎಲ್ಲಿದೆಯೆಂದೂ ಗೊತ್ತಿಲ್ಲ. ಮನೆಯ ಹುಡುಗ ಹೊರಟ, ತಾನೂ ಹೊರಟಿತು. ಅದರ ಪಾಲಿಗೆ ಅಷ್ಟೇ ಸಾಕು.

ಇಂಥದ್ದು ನಮ್ಮ ಕಾಲದಲ್ಲೂ ನಡೆದಿದೆ. 2019ರ ಅಕ್ಟೋಬರ್ 31ರಂದು ಹದಿಮೂರು ಮಂದಿ ಅಯ್ಯಪ್ಪ ಭಕ್ತರು ತಿರುಮಲದಿಂದ ಶಬರಿಮಲೆಗೆ ಕಾಲ್ನಡಿಗೆಯಲ್ಲಿ ಹೊರಟಿದ್ದರು. ಬೀದಿ ನಾಯಿಯೊಂದು ಅವರ ಹಿಂದೆ ಬಂತು. ಮೊದಮೊದಲು ಅವರು ಅದನ್ನು ಗಮನಿಸಲಿಲ್ಲ. ದಿನಗಳು ಕಳೆದರೂ ಅದು ಹಿಂದೆ ಬರುತ್ತಲೇ ಇತ್ತು. ಆಮೇಲೆ ತಮಗೆಂದು ಮಾಡಿದ ಅಡುಗೆಯಲ್ಲೇ ಅದಕ್ಕೂ ಒಂದು ಪಾಲು ಕೊಟ್ಟರು. ನವೆಂಬರ್ ನಡುವಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ 480 ಕಿ.ಮೀ. ದಾರಿ ಮುಗಿದಿತ್ತು. ಪತ್ರಿಕೆಗಳಲ್ಲಿ ಸುದ್ದಿ ಓದಿದವರೆಲ್ಲ ನಾಯಿಯ ನಿಷ್ಠೆಯನ್ನು ಕೊಂಡಾಡಿದರು. ಕೊಂಡಾಡುವುದು ಸುಲಭ. ಹಾಗೆ ಹಿಂದೆ ಬರುವ ಜೀವಕ್ಕೆ ಮುಂದೆ ನಡೆಯುವವರು ಏನು ಕೊಡಬೇಕು? ಈ ವಾರ ನಾವು ಧ್ಯಾನಿಸಬೇಕಾದದ್ದು ಇದನ್ನೇ.

ಬಳ್ಳಾರಿ ಸೀಮೆಯ ನಮಗೆ ಪಾದಯಾತ್ರೆ ಹೊಸದಲ್ಲ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಊರೂರುಗಳಿಂದ ಸಾವಿರಾರು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ದಾರಿಯ ಹಳ್ಳಿಗಳವರು ಅವರಿಗೆ ಮಜ್ಜಿಗೆ, ನೀರು, ಊಟ ಕೊಟ್ಟು ಉಪಚರಿಸುತ್ತಾರೆ. ನಮ್ಮವರಲ್ಲೂ ಹರಕೆ ಹೊತ್ತು ಮಾತೆಯ ಪುಣ್ಯಕ್ಷೇತ್ರಗಳಿಗೆ ನಡೆದು ಹೋಗುವವರಿದ್ದಾರೆ. ಹಾಗೆ ನಡೆದವರನ್ನು ಕೇಳಿ ನೋಡಿ, ಕಷ್ಟವೆಲ್ಲ ಮೊದಲ ಮೂರ್ನಾಲ್ಕು ದಿನಗಳಲ್ಲೇ ಎನ್ನುತ್ತಾರೆ. ಹುರುಪಿನಲ್ಲಿ ಮೊದಲ ದಿನ ಹೆಚ್ಚು ನಡೆದುಬಿಡುತ್ತೇವೆ. ಎರಡನೆಯ ದಿನ ಅಂಗಾಲಿನಲ್ಲಿ ಬೊಬ್ಬೆ ಏಳುತ್ತದೆ. ಬೆನ್ನಿನ ಚೀಲದಲ್ಲಿ ಬೇಡದ್ದನ್ನು ಎಷ್ಟು ತುಂಬಿದ್ದೇವೆಂದು ಮೂರನೆಯ ದಿನ ತಿಳಿಯುತ್ತದೆ.

ಈಗ ಸಿರುಗುಪ್ಪದಿಂದ ಒಬ್ಬ ಯುವಕ ಸಾಕಿದ ನಾಯಿಯೊಂದಿಗೆ ದೂರದ ಯಾತ್ರೆಗೆ ಹೊರಟನೆಂದು ಇಟ್ಟುಕೊಳ್ಳಿ. ಕುರುಗೋಡಿನ ಮೇಲೆ ಬಳ್ಳಾರಿಗೆ ಬಂದು ಅಲ್ಲಿಂದ ಮುಂದೆ ಹೋಗಬೇಕು. ತುಂಗಭದ್ರೆಯ ದಡದ ಆ ಊರಿನಲ್ಲಿ ಕಾಲುವೆ ನೀರಿದೆ, ಭತ್ತದ ಗದ್ದೆಯ ತಂಪಿದೆ. ಹೊರಡುವಾಗ ನಾಯಿ ಕುಣಿಯುತ್ತಾ ಅವನಿಗಿಂತ ಮುಂದೆ ಓಡುತ್ತದೆ. ಕಾಲುವೆ ಹಿಂದೆ ಬಿದ್ದು ಬರೀ ಎರೆ ಹೊಲ, ಡಾಂಬರು ರಸ್ತೆ ಎದುರಾದಾಗ ನಿಜವಾದ ನಡಿಗೆ ಶುರುವಾಗುತ್ತದೆ. ನಮ್ಮಲ್ಲಿರುವುದು ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ನಾವೇ ನಗುತ್ತೇವಲ್ಲ! ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಡಾಂಬರು ಅದಕ್ಕಿಂತಲೂ ಬಹಳ ಹೆಚ್ಚು ಕಾಯುತ್ತದೆ.

ಯುವಕನ ಕಾಲಿಗೆ ಚಪ್ಪಲಿ ಇದೆ, ನಾಯಿಗೆ ಇಲ್ಲ. ಮನುಷ್ಯ ಮೈಯೆಲ್ಲ ಬೆವರಿ ತಂಪಾಗುತ್ತಾನೆ. ನಾಯಿ ಬೆವರುವುದು ಅಂಗಾಲಿನಲ್ಲಿ, ಅದೂ ಸ್ವಲ್ಪವೇ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಯ ಕಾವು ಇಳಿಸಿಕೊಳ್ಳಬೇಕು. ಆದರೂ ಯಜಮಾನ ನಿಲ್ಲುವ ತನಕ ಅದು ನಿಲ್ಲುವುದಿಲ್ಲ. ಅಂಗಾಲು ಸುಟ್ಟರೂ ಕುಂಟುತ್ತಾ ಬರುತ್ತದೆ. ಬಾಯಲ್ಲಿ ಜೊಲ್ಲು ಸುರಿದು, ಕಾಲು ತಡವರಿಸಿ ಬೀಳುವವರೆಗೂ ಬರುತ್ತದೆ. ಅದಕ್ಕೆ ಅವನ ಮೇಲಿರುವ ಪ್ರೀತಿಯೇ ಅದರ ಜೀವಕ್ಕೆ ಅಪಾಯ ತರಬಹುದು.

ಆದ್ದರಿಂದ ಬಲ್ಲವರು ಹೇಳುವ ಕ್ರಮ ಹೀಗಿದೆ. ಹೊರಡುವ ಮುನ್ನ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಮೊದಲ ದಿನಗಳಲ್ಲಿ ಸ್ವಲ್ಪವೇ ನಡೆಯಬೇಕು, ಅಂಗಾಲು ನಿಧಾನವಾಗಿ ಗಟ್ಟಿಯಾಗಲು ಬಿಡಬೇಕು. ನಸುಕಿನಲ್ಲೇ ಹೊರಟು, ಬಿಸಿಲೇರುವ ಮುನ್ನ ನೆರಳು ಹಿಡಿಯಬೇಕು. ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲಿಟ್ಟು ನೋಡಬೇಕು. ಐದಾರು ಸೆಕೆಂಡು ತಾಳಲಾಗದಿದ್ದರೆ ಅದು ನಾಯಿ ನಡೆಯುವ ರಸ್ತೆಯಲ್ಲ. ನೀರನ್ನು ಸ್ವಲ್ಪ ಸ್ವಲ್ಪವಾಗಿ, ಆಗಾಗ ಕುಡಿಸಬೇಕು. ಊಟದಲ್ಲಿ ಪಾಲು ಕೊಡುವಾಗ ಉಳ್ಳಾಗಡ್ಡಿ, ದ್ರಾಕ್ಷಿ ಇರಬಾರದು, ಅವು ನಾಯಿಗೆ ವಿಷ. ಪ್ರತಿ ಹಳ್ಳಿಯ ನಾಯಿಗಳೂ ಹೊಸದರ ಮೇಲೆ ಬೀಳುತ್ತವೆ, ಆದ್ದರಿಂದ ಊರೊಳಗೆ ಹಗ್ಗ ಬಿಡಬಾರದು. ರಾತ್ರಿ ತನ್ನ ಕಾಲು ಒತ್ತಿಕೊಳ್ಳುವ ಮೊದಲು ಅದರ ಅಂಗಾಲನ್ನು ಎತ್ತಿ ನೋಡಬೇಕು.

ಈ ಕ್ರಮದಲ್ಲಿ ಒಂದು ಧರ್ಮವಿದೆ. ದಣಿದೆ ಎಂದು ಹೇಳಲಾರದವರ ದಣಿವನ್ನು ಮುಂದೆ ನಡೆಯುವವನೇ ಕೇಳಿ, ನೋಡಿ ತಿಳಿದುಕೊಳ್ಳಬೇಕು.

ಪಿತಾಮಹ ಯಕೋಬನಿಗೆ ಈ ಧರ್ಮ ಗೊತ್ತಿತ್ತು. ಬಹು ವರ್ಷಗಳ ಮೇಲೆ ಅಣ್ಣ ಏಸಾವ ಎದುರಾಗಿ, ಬಾ, ಒಟ್ಟಿಗೆ ಹೋಗೋಣ ಎಂದು ಕರೆದಾಗ ಯಕೋಬನು ಒಪ್ಪಲಿಲ್ಲ. ಮಕ್ಕಳು ಎಳೆಯರು, ಹಾಲೂಡಿಸುವ ಕುರಿ, ದನಗಳಿವೆ. ಒಂದೇ ದಿನ ಆತುರವಾಗಿ ಅಟ್ಟಿದರೂ ಮಂದೆಯೆಲ್ಲ ಸತ್ತೀತು ಎಂದು ವಿನಯದಿಂದ ತಿಳಿಸಿದ. ಅಣ್ಣನ ಬಲಕ್ಕೆ ತಕ್ಕಂತೆ ನಡೆಯದೆ, ಮಕ್ಕಳ ಕಾಲಿಗೆ ತಕ್ಕಂತೆ ನಡೆಯುವುದನ್ನು ಆರಿಸಿಕೊಂಡ. ಆದಿಕಾಂಡದ 33ನೆಯ ಅಧ್ಯಾಯವನ್ನು ಈ ರಾತ್ರಿ ಮನೆಯವರೆಲ್ಲ ಕೂತು ಓದಿ.

ಪ್ರವಾದಿ ಎಲೀಯನನ್ನೂ ನೆನೆಯೋಣ. ಒಂದೇ ದಿನದ ದಾರಿ ನಡೆದು ಅರಣ್ಯದ ಗಿಡದಡಿ ಕುಸಿದ ಅವನು ಸಾವನ್ನು ಬೇಡಿದ. ದೇವರು ಅವನನ್ನು ಗದರಿಸಲಿಲ್ಲ, ಎದ್ದು ನಡೆ ಎಂದು ಕೂಡಲೇ ಅವಸರಪಡಿಸಲೂ ಇಲ್ಲ. ದೂತನ ಕೈಯಲ್ಲಿ ರೊಟ್ಟಿ, ನೀರು ಕಳುಹಿಸಿದರು. ಅವನು ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದು ಎಬ್ಬಿಸಿ ಉಣಿಸಿದ. ಹೋರೇಬ್ ಬೆಟ್ಟದವರೆಗಿನ ನಲವತ್ತು ದಿನಗಳ ನಡಿಗೆ ಶುರುವಾದದ್ದು ಆ ಎರಡು ಊಟ, ಎರಡು ನಿದ್ರೆಗಳಿಂದ.

ಪ್ರಿಯ ತಂದೆಯರೇ, ತಾಯಂದಿರೇ, ನಿಮ್ಮ ಮನೆಯಲ್ಲಿ ಹಿಂದೆ ಬರುತ್ತಿರುವವರು ಯಾರು? ಮದುವೆಯಾಗಿ ಮೊದಲ ತಿಂಗಳಲ್ಲೇ ಮನೆಯ ಭಾರವನ್ನೆಲ್ಲ ಹೊತ್ತ ಸೊಸೆ ಇರಬಹುದು. ಜ್ವರವಿದ್ದರೂ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವ ಹೆಂಡತಿ ಇರಬಹುದು. ಅಪ್ಪ ಹೇಳಿದರೆಂದು ತಲೆಗೆ ಹತ್ತದ ಓದನ್ನು ಮೌನವಾಗಿ ಎಳೆಯುತ್ತಿರುವ ಮಗ ಇರಬಹುದು. ದುಡಿಯಲು ಬೆಂಗಳೂರಿಗೆ ಹೋಗಿ, ಮೊದಲ ವಾರ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಿರುವ ಮಗಳು ಇರಬಹುದು. ಭಾನುವಾರ ಬಲಿಪೂಜೆಗೆ ಹೊರಟಾಗ ನಾವು ಬೀದಿ ತಿರುಗಿದರೂ ಇನ್ನೂ ಅಂಗಳದಲ್ಲೇ ಕೋಲೂರುತ್ತಿರುವ ಅಜ್ಜಿ ಇರಬಹುದು. ಇವರಾರೂ ದೂರು ಹೇಳುವುದಿಲ್ಲ. ಸುಮ್ಮನಿದ್ದಾರೆ, ಆದ್ದರಿಂದ ಸುಖವಾಗಿದ್ದಾರೆ ಎಂದು ನಾವು ತಿಳಿಯುತ್ತೇವೆ. ಅವರು ಬಿದ್ದ ಮೇಲೆ ಆಸ್ಪತ್ರೆಗೆ ಓಡುತ್ತೇವೆ. ಅದಕ್ಕೆ ಮುಂಚೆಯೇ ಒಂದು ಸಲ ಹಿಂತಿರುಗಿ ನೋಡಬಾರದೇ?

ದೇವರು ಹಾಗೆ ನೋಡುವವರು. ಎಮ್ಮಾವುಸಿನ ಹಾದಿಯಲ್ಲಿ ಪುನರುತ್ಥಾನರಾದ ಪ್ರಭು ದುಃಖದಿಂದ ಕಾಲೆಳೆಯುತ್ತಿದ್ದ ಇಬ್ಬರು ಶಿಷ್ಯರನ್ನು ಹಿಂದಿಟ್ಟು ಹೋಗಲಿಲ್ಲ. ಮರಣವನ್ನೇ ಗೆದ್ದ ಪಾದಗಳು ಆ ಇಬ್ಬರ ನಡಿಗೆಗೆ ಹೊಂದಿಕೊಂಡು ನಡೆದವು. ಏನು ಮಾತಾಡುತ್ತಿದ್ದೀರೆಂದು ಅವರೇ ಮೊದಲು ಕೇಳಿದರು. ಸಂಜೆ ಒಂದೇ ಪಂಕ್ತಿಯಲ್ಲಿ ಕುಳಿತು ರೊಟ್ಟಿ ಮುರಿದರು.

ಈ ವಾರ ಒಂದು ಸಣ್ಣ ಕೆಲಸ ಮಾಡಿರಿ. ರಾತ್ರಿ ಜಪಮಾಲೆಯ ನಂತರ, ಮನೆಯಲ್ಲಿ ಅತಿ ಕಡಿಮೆ ಮಾತಾಡುವವರ ಪಕ್ಕ ಕುಳಿತು, ದಣಿದಿದ್ದೀಯಾ ಎಂದು ಕೇಳಿರಿ. ಉತ್ತರ ಬರುವ ತನಕ ಕಾಯಿರಿ. ಬಂದ ಉತ್ತರಕ್ಕೆ ತಕ್ಕಂತೆ ಮಾರನೆಯ ದಿನದ ನಡಿಗೆಯನ್ನು ಬದಲಿಸಿರಿ. ಮನೆ ಬಾಗಿಲಲ್ಲಿ ಒಂದು ತಟ್ಟೆ ನೀರನ್ನೂ ಇಡಿ. ಬಳ್ಳಾರಿಯ ಬಿಸಿಲಲ್ಲಿ ಬೀದಿಯ ಜೀವಗಳೂ ದಾರಿ ನಡೆಯುತ್ತಿವೆ.

ಪ್ರಭುವೇ, ತೊಬಿಯಾಸನಿಗೆ ದಾರಿ ಬಲ್ಲ ದೂತನನ್ನೂ ದಾರಿ ಅರಿಯದ ನಾಯಿಯನ್ನೂ ಜೊತೆಗೆ ಕೊಟ್ಟಿರಿ. ನಮಗಿಂತ ಮುಂದಿರುವವರನ್ನು ನಂಬುವ ಮನಸ್ಸನ್ನೂ, ನಮ್ಮನ್ನು ನಂಬಿ ಹಿಂದೆ ಬರುವವರಿಗಾಗಿ ನಿಲ್ಲುವ ತಾಳ್ಮೆಯನ್ನೂ ನಮಗೆ ದಯಪಾಲಿಸಿರಿ. ಆಮೆನ್.